ಬೆಳೆಯೋ ಪಾಲು ಎರಡಿಂಚು

“ಅಯ್ಯೋ, ನನ್ನ ಕೈ ಕಳೆದುಹೋಗಿದೆ! ಯಾರಾದ್ರೂ ನೋಡಿದ್ರಾ?”

ಸಣಕಲ ಹುಡುಗ ಕಡ್ಡಿ ಬೆರಳು ಮಡಚಿಕೊಂಡು ಎರಡೂ ತೋಳುಗಳನ್ನು ಮೇಲೆತ್ತಿ ಅಲ್ಲಾಡಿಸಿದ. ಹೊಸ ಯೂನಿಫಾರ್ಮಿನ ತೋಳಿನ ತುದಿಯಲ್ಲಿ ಬೆರಳುಗಳೇ ಕಾಣಿಸಲಿಲ್ಲ. ಖಾಲಿ ಬಟ್ಟೆ ಜೋತಾಡುತ್ತಿತ್ತು. ಐದನೇ ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕವರ ಕೈಗಳೂ ಅರ್ಧ ತೋಳಿನೊಳಗೇ ಇದ್ದವು ಅನ್ನುವುದು ಬೇರೆ ಮಾತು.

ನಗದೇ ಇದ್ದವಳು ಗುಂಡಿ ಒಬ್ಬಳೇ. ಆ ಯೂನಿಫಾರ್ಮುಗಳನ್ನೆಲ್ಲ ಹೊಲಿದದ್ದು ಅವಳ ಅಜ್ಜಿ.

ಗುಂಡಿ ಎರಡು ವರ್ಷದವಳಿದ್ದಾಗ ಅಜ್ಜಿಯ ಹೊಲಿಗೆ ಮಿಷನ್ ಕೆಳಗೆ ಕೂತು ಒಂದು ಷರ್ಟಿನ ಗುಂಡಿಯನ್ನು ನುಂಗಿಬಿಟ್ಟಿದ್ದಳು. ಅದು ಮರುದಿನ ತನ್ನ ಪಾಡಿಗೆ ತಾನು ಹೊರಗೆ ಬಂತು. ಹೆಸರು ಮಾತ್ರ ಹಾಗೇ ಉಳಿಯಿತು.

“ಟೈಲರಜ್ಜಿಗೆ ಈಗ ಕಣ್ಣು ಕಾಣ್ಸಲ್ಲ ಕಣ್ರೋ,” ಎಂದ ಹಿಂದಿನ ಬೆಂಚಿನಲ್ಲಿದ್ದ ಹಿಟ್ಟಿನ ಮಿಲ್ಲಿನವರ ಮಗ. “ಮುಂದಿನ ವರ್ಷ ಸಿಟಿಯಿಂದ ರೆಡಿಮೇಡ್ ತರಿಸ್ಬೇಕು ಅಂತ ನಮ್ಮಪ್ಪ ಹೇಳ್ತಿದ್ರು.”

“ಚೆನ್ನಾಗಿ ಕಾಣ್ಸತ್ತೆ! ನಿನ್ನ ಮೂಗಿಂದ ಸುರೀತಿರೋದೂ ಕಾಣ್ಸತ್ತೆ!” ಎಂದಳು ಗುಂಡಿ.

ಅಷ್ಟರಲ್ಲಿ ದೊಡ್ಡ ಮೇಡಂ ಒಳಗೆ ಬಂದರು. ಅವರ ಹಿಂದೆಯೇ ಅಜ್ಜಿ ಬಂದಳು. ಕೊರಳಲ್ಲಿ ಅಳತೆ ಟೇಪು, ಹೆಗಲಲ್ಲಿ ಹಳೇ ಬಟ್ಟೆ ಚೀಲ. ಮೇಡಂ ಹೇಳಿಕಳಿಸಿದ್ದಕ್ಕೆ ಕೆಲಸ ಬಿಟ್ಟು ಓಡಿಬಂದಿದ್ದಳು.

“ನೋಡಿ ಅಜ್ಜಿ, ಎಲ್ಲರದ್ದೂ ಹೀಗೇ ಆಗಿದೆ. ನಾಳೆ ಬೆಳಿಗ್ಗೆ ಫೋಟೋದವರು ಬರ್ತಾರೆ. ವರ್ಷಕ್ಕೊಂದೇ ಫೋಟೋ. ಏನು ಮಾಡೋದು ಹೇಳಿ.”

ಅಜ್ಜಿ ಕಡ್ಡಿಯನ್ನು ಹತ್ತಿರ ಕರೆದು ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದಳು. “ಹದಿನೆಂಟು,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಚೀಲದಿಂದ ಅಳತೆ ಪುಸ್ತಕ ತೆಗೆದು, ಕಿಟಕಿಯ ಬೆಳಕಿಗೆ ದೂರ ಹಿಡಿದು ನೋಡಿದಳು. ಕಡ್ಡಿಯ ಹೆಸರಿನ ಮುಂದೆ ಇಪ್ಪತ್ತು ಎಂದು ಬರೆದಿತ್ತು. ಅಜ್ಜಿಗೆ ಸುಲಭವಾಗಿ ಕಾಣಲಿ ಅಂತ ದುಂಡಗೆ, ದೊಡ್ಡದಾಗಿ ಬರೆದ ಅಂಕಿ. ಬರೆದವಳು ಗುಂಡಿ.

ಏನಾಗಿದೆಯೆಂದು ಅವಳಿಗೆ ಈಗ ಹೊಳೆಯಿತು.

ಅಜ್ಜಿಗೆ ಒಂದು ಪದ್ಧತಿ ಇತ್ತು. ಮಕ್ಕಳ ಬಟ್ಟೆಗೆ ಅಳತೆಗಿಂತ ಎರಡಿಂಚು ಹೆಚ್ಚು ಕತ್ತರಿಸಿ, ಆ ಎರಡಿಂಚನ್ನು ಒಳಗೆ ಮಡಚಿ ಹೊಲಿಯುತ್ತಿದ್ದಳು. ಮಗು ಉದ್ದವಾದ ಹಾಗೆ ಮಡಿಕೆ ಬಿಚ್ಚಿಕೊಂಡರಾಯಿತು. ಅದಕ್ಕೆ ಅವಳು ಇಟ್ಟ ಹೆಸರು ‘ಬೆಳೆಯೋ ಪಾಲು’. ಪುಸ್ತಕದಲ್ಲಿ ಬರೆಯುವುದು ಬರೀ ಅಳತೆ. ಪಾಲು ಸೇರುವುದು ಕತ್ತರಿ ಹಿಡಿದಾಗ.

ಈ ವರ್ಷ ಮೊದಲ ಸಲ ಬರೆಯುವ ಕೆಲಸ ಗುಂಡಿಗೆ ಸಿಕ್ಕಿತ್ತು. ಅಜ್ಜಿ ಹದಿನೆಂಟು ಎಂದಾಗಲೆಲ್ಲ ಅವಳು ಮನಸ್ಸಿನಲ್ಲೇ ಎರಡು ಕೂಡಿಸಿ ಇಪ್ಪತ್ತು ಎಂದು ಬರೆದಿದ್ದಳು. ಅಜ್ಜಿಗೆ ಒಂದು ಕೆಲಸ ಉಳಿಸಿದೆ ಅಂತ ಖುಷಿಪಟ್ಟಿದ್ದಳು. ಅಜ್ಜಿ ಕತ್ತರಿಸುವಾಗ ಮತ್ತೆ ಎರಡು ಕೂಡಿಸಿದ್ದಳು. ಪಾಲನ್ನು ಒಳಗೆ ಮಡಚಿದ ಮೇಲೂ ತೋಳು ಎರಡಿಂಚು ಉದ್ದವೇ ಉಳಿದಿತ್ತು.

ಅಜ್ಜಿ ಪುಸ್ತಕದಿಂದ ತಲೆಯೆತ್ತಿ ಗುಂಡಿಯನ್ನು ಒಮ್ಮೆ ನೋಡಿದಳು. ಪುಸ್ತಕ ಮುಚ್ಚಿದಳು.

“ತಪ್ಪು ನಂದೇ ಮೇಡಂ. ಕಣ್ಣು ಸ್ವಲ್ಪ ಮಂಜಾಗಿದೆ.”

ದೊಡ್ಡ ಮೇಡಂ ತಡವರಿಸಿದರು. “ಬೇಜಾರ್ ಮಾಡ್ಕೋಬೇಡಿ ಅಜ್ಜಿ. ಮುಂದಿನ ವರ್ಷದಿಂದ ನಿಮಗೆ ಇಷ್ಟು ತೊಂದ್ರೆ ಕೊಡೋದು ಬೇಡ ಅಂತ...”

ಅಜ್ಜಿ ತಲೆಯಾಡಿಸಿದಳು. ಕೊರಳಿನಿಂದ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದಳು. ಅಂಗಡಿ ಬಾಗಿಲು ಹಾಕುವಾಗ ಮಾತ್ರ ಅವಳು ಹಾಗೆ ಟೇಪು ಸುತ್ತುತ್ತಿದ್ದಳು.

ಗುಂಡಿ ಬಾಯಿ ಬಿಟ್ಟರೆ ಇಡೀ ಕ್ಲಾಸು ವರ್ಷವೆಲ್ಲ ಆಡಿಕೊಳ್ಳುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಟೇಪು ಇನ್ನು ಒಂದೇ ಸುತ್ತು ಉಳಿದಿತ್ತು.

“ಅಜ್ಜಿ ತಪ್ಪಲ್ಲ! ನಂದು!”

ಅವಳು ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ. “ನಾನೇ ಎರಡಿಂಚು ಜಾಸ್ತಿ ಬರ್ದೆ ಮೇಡಂ. ಅಜ್ಜಿನೂ ಎರಡಿಂಚು ಹಾಕಿದ್ಲು. ಅವಳ ಕಣ್ಣು ಸರಿಯಾಗೇ ಇದೆ. ನಾನು ಬರೆದಿದ್ದನ್ನ ಅವಳು ನಂಬಿದ್ಲು, ಅಷ್ಟೇ!” ಅವಳು ತನ್ನ ಉದ್ದ ತೋಳಿನಿಂದ ಕಣ್ಣೊರೆಸಿಕೊಂಡಳು.

“ಅಂದ್ರೆ ನಾನೀಗ ಎರಡು ಸಲ ಬೆಳೀಬೇಕಾ?” ಎಂದ ಕಡ್ಡಿ.

ಮತ್ತೆ ಎಲ್ಲರೂ ನಕ್ಕರು. ಈ ಸಲ ಗುಂಡಿಗೂ ಅಳುವಿನ ಮಧ್ಯೆ ನಗು ಬಂತು. ಮೇಡಂ ಮಾತ್ರ ನಗದೆ ಕಡ್ಡಿಯ ತೋಳನ್ನು ತಿರುವಿ ಒಳಗಿನ ಮಡಿಕೆ ನೋಡಿದರು.

“ನನ್ನ ಸ್ಕರ್ಟಿಗೂ ಇಷ್ಟೇ ಬಿಟ್ಟಿದ್ರಿ ಅಜ್ಜಿ. ಇದೇ ಸ್ಕೂಲಲ್ಲಿ, ನಾಲ್ಕನೇ ಕ್ಲಾಸಿಂದ ಆರನೇ ಕ್ಲಾಸಿನವರೆಗೂ ಅದನ್ನೇ ಹಾಕಿದ್ದೆ.” ಸ್ವಲ್ಪ ಹೊತ್ತು ಅವರು ಆ ತೋಳನ್ನು ಬಿಡಲಿಲ್ಲ. “ಇದನ್ನ ಸರಿ ಮಾಡಕ್ಕಾಗತ್ತಾ?”

“ಗಿಡ್ಡ ಆಗಿದ್ರೆ ನಾನೇನೂ ಮಾಡಕ್ಕಾಗ್ತಿರ್ಲಿಲ್ಲ. ಉದ್ದ ಆದ್ರೆ ಇನ್ನೊಂದು ಮಡಿಕೆ, ಅಷ್ಟೇ. ಆದ್ರೆ ನಂದು ಎರಡೇ ಕೈ.”

“ಕೈಗೇನು ಬರ?” ಎಂದರು ಮೇಡಂ. “ಲೇ ಮಕ್ಕಳಾ, ಮನೆಗೆ ಓಡಿ! ಸೂಜಿ ತನ್ನಿ!”

ಮಕ್ಕಳು ಸೂಜಿ ತಂದರು. ಸೂಜಿಯ ಹಿಂದೆ ಅಮ್ಮಂದಿರೂ ಬಂದರು. ಅಂಚೆ ಹಂಚುವ ಅಕ್ಕ ಸೈಕಲ್ಲನ್ನು ಗೇಟಿಗೆ ಒರಗಿಸಿ ಬಂದು ಕೂತಳು. ಬಸ್ ಓಡಿಸುವ ಕಡ್ಡಿಯ ಅಪ್ಪ ಖಾಕಿ ಬಟ್ಟೆಯಲ್ಲೇ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎಲ್ಲರೂ ಅವರನ್ನೇ ನೋಡಿದರು.

“ಏನ್ ನೋಡ್ತೀರಾ? ಬಸ್ಸಿನ ಸೀಟು ಹರಿದ್ರೆ ಯಾರು ಹೊಲಿಯೋದು ಅಂದ್ಕೊಂಡ್ರಿ?”

ಅಜ್ಜಿ ಬೆಂಚಿನಿಂದ ಬೆಂಚಿಗೆ ಓಡಾಡಿ ಮಡಿಕೆ ಹಿಡಿದುಕೊಟ್ಟಳು. “ಡ್ರೈವರಪ್ಪಾ, ಬ್ರೇಕ್ ಹಾಕು! ಹೊಲಿಗೆ ರೋಡ್ ಬಿಟ್ಟು ಹೋಗ್ತಿದೆ,” ಎಂದಳು. ಮಿಲ್ಲಿನವರ ಮಗ ಯಾರೂ ಹೇಳದೆಯೇ ಅಜ್ಜಿಯ ಪಕ್ಕ ಬಂದು ಸೂಜಿಗೆ ದಾರ ಪೋಣಿಸಿಕೊಟ್ಟ. ಒಂದಾದ ಮೇಲೊಂದು, ತಲೆ ಎತ್ತದೆ.

ಸಂಜೆ ಬಿಸಿಲು ಕಿಟಕಿಯಿಂದ ಇಳಿಯುವಷ್ಟರಲ್ಲಿ ಎಲ್ಲ ತೋಳುಗಳ ತುದಿಯಲ್ಲೂ ಪೂರ್ತಿ ಕೈ ಕಾಣತೊಡಗಿತ್ತು. ಗುಂಡಿ ಒಬ್ಬೊಬ್ಬರ ಮುಂದೆಯೂ ನಿಂತು ಥ್ಯಾಂಕ್ಸ್ ಎಂದಳು. ಮಿಲ್ಲಿನವರ ಮಗನಿಗೆ ಎರಡು ಸಲ ಹೇಳಿದಳು. ಎಷ್ಟು ಹೇಳಿದರೂ ಅವಳಿಗೆ ಸಾಲಲಿಲ್ಲ. ತನ್ನ ಊರಿನವರೆಲ್ಲ ಇಷ್ಟು ಒಳ್ಳೆಯವರು ಅಂತ ಅವಳು ಯಾವತ್ತೂ ಯೋಚಿಸಿರಲೇ ಇಲ್ಲ.

ಮನೆಯ ದಾರಿಯಲ್ಲಿ ಅಜ್ಜಿಯ ಚೀಲ ಅವಳೇ ಹೊತ್ತಳು.

“ಪುಸ್ತಕ ನೋಡಿದ ಕೂಡ್ಲೇ ನಿಂಗೆ ಗೊತ್ತಾಯ್ತಲ್ವಾ ಅಜ್ಜಿ?”

“ಏನು ಗೊತ್ತಾಗೋದು? ಕಣ್ಣು ಮಂಜಾಗಿದೆ ಅಂತ ಹೇಳ್ಲಿಲ್ವಾ?” ಎಂದಳು ಅಜ್ಜಿ, ದಾರಿಯಲ್ಲಿ ಬಿದ್ದಿದ್ದ ಸಣ್ಣ ಗುಂಡುಪಿನ್ನನ್ನು ಬಗ್ಗಿ ಎತ್ತಿಕೊಳ್ಳುತ್ತಾ.

ಅಂಗಡಿಯ ಮೆಟ್ಟಿಲಲ್ಲಿ ತಾಯಿಯೊಬ್ಬರು ಮಗಳ ಜೊತೆ ಕಾಯುತ್ತಿದ್ದರು. ಮಗಳನ್ನು ಹೊಸದಾಗಿ ಒಂದನೇ ಕ್ಲಾಸಿಗೆ ಸೇರಿಸಿದ್ದರು. ಅಜ್ಜಿ ಸುತ್ತಿದ ಟೇಪನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡಳು. ಗುಂಡಿ ಅಳತೆ ಪುಸ್ತಕವನ್ನು ಮೆಲ್ಲಗೆ ಮಿಷನ್ ಮೇಲೆ ಇಟ್ಟು, ಮೂಲೆಗೆ ಹೋಗಿ ನಿಂತಳು.

“ಏನೇ, ಅಲ್ಲಿ ಯಾಕೆ ನಿಂತ್ಕೊಂಡೆ?” ಅಜ್ಜಿ ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು ಅವಳ ಕಡೆ ಚಾಚಿದಳು. “ಬರ್ಕೋ. ತೋಳು, ಹದಿಮೂರು.”

ಗುಂಡಿಗೆ ಒಂದು ಕ್ಷಣ ಪುಟವೇ ಸರಿಯಾಗಿ ಕಾಣಲಿಲ್ಲ. ಕಣ್ಣೊರೆಸಿಕೊಂಡು, ದುಂಡಗೆ, ದೊಡ್ಡದಾಗಿ ಬರೆದಳು. ಹದಿಮೂರು. ಬರೀ ಹದಿಮೂರು.

ಬೆಳೆಯೋ ಪಾಲನ್ನು ಅಜ್ಜಿಗೇ ಬಿಟ್ಟಳು.