ಒಂದೇ ಮನೆಯ ಎರಡು ಚೀಟಿ

"ಹೆಸರು ಹೇಳ್ರಿ," ತಲೆ ಎತ್ತದೆಯೇ ಕೇಳಿದಳು ಕೈನಾತ.

"ಖಲೀಲ. ಮುಂಡರಗಿ."

ಪೆನ್ನು ಅಲ್ಲೇ ನಿಂತಿತು. ಎಂಟು ತಿಂಗಳಾದ ಮೇಲೆ ಕೇಳಿದ ದನಿ... ಮೆಲ್ಲಗೆ ತಲೆ ಎತ್ತಿದಳು. ಸೊರಗಿಹೋಗಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿದವನೇ ಮುಖ ತಿರುಗಿಸಿದ.

"ಸಹಿ ಎಲ್ಲಿ ಮಾಡ್ಲಿ, ಸಿಸ್ಟರ್?"

ಸಿಸ್ಟರ್! ಬಾಯ್ತುಂಬ ಕೈನಾತ ಎಂದು ಕರೆಯುತ್ತಿದ್ದವನು ಇವನೇ ಏನು? ಅವಳು ಬೆರಳಿನಿಂದ ಜಾಗ ತೋರಿಸಿದಳು. 

ಗದಗಿನ ಆ ಆಸ್ಪತ್ರೆಯಲ್ಲಿ ಅವತ್ತು ಹೊಸ ನಮೂನೆಯ ಸಭೆ. ಯಾವ ವಿಷಯದ ಮೇಲೆ ಸಂಶೋಧನೆ ನಡೆಸಬೇಕೆಂದು ಅಲ್ಲಿಯವರೆಗೆ ಡಾಕ್ಟರುಗಳೇ ನಿರ್ಧರಿಸುತ್ತಿದ್ದರು. ಹಾಸಿಗೆ ಹಿಡಿದವರನ್ನು, ಪಕ್ಕದಲ್ಲಿ ನಿದ್ದೆಗೆಟ್ಟು ಕೂತವರನ್ನು, ನಿಮಗೇನು ತಿಳಿಯಬೇಕಾಗಿದೆ ಎಂದು ಯಾರೂ ಕೇಳಿದವರಲ್ಲ. ಈ ಸಲ ಡಾಕ್ಟರ್ ಮಮತಾ ಹಟ ಹಿಡಿದು ರೋಗಿಗಳನ್ನು, ತೀರಿಹೋದವರ ಮನೆಯವರನ್ನು, ನರ್ಸುಗಳನ್ನು, ಆಯಾಗಳನ್ನು ಒಂದೇ ಕೋಣೆಗೆ ಕರೆಸಿದ್ದರು.

ಪ್ರತಿಯೊಬ್ಬರೂ ತಮ್ಮನ್ನು ಕಾಡುವ ಒಂದು ಪ್ರಶ್ನೆಯನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಒಂದೇ ತರಹದ ಚೀಟಿಗಳನ್ನು ಕೂಡಿಸಿ, ಕೊನೆಗೆ ಐದು ಪ್ರಶ್ನೆಗಳನ್ನು ಎಲ್ಲರೂ ಸೇರಿ ಆರಿಸಬೇಕು. ಆ ಐದನ್ನು ಆಸ್ಪತ್ರೆ ಅಧ್ಯಯನಕ್ಕೆ ಎತ್ತಿಕೊಳ್ಳುತ್ತದೆ.

ಕೈನಾತ ಬೆಳಿಗ್ಗೆಯೇ ತನ್ನ ಚೀಟಿ ಹಾಕಿದ್ದಳು. ಅವನು ಬರುತ್ತಾನೆಂದು ಗೊತ್ತಿದ್ದರೆ ಖಂಡಿತ ಹಾಕುತ್ತಿರಲಿಲ್ಲ.

ಖಲೀಲನ ತಾಯಿ ಶಮಶಾದಬಿ ಎರಡು ತಿಂಗಳು ಅವಳ ವಾರ್ಡಿನಲ್ಲಿದ್ದರು. ಲಿವರ್ ಕ್ಯಾನ್ಸರ್. ನಮ್ಮ ಕಡೆ ಮನೆಯವರು ಮೊದಲು ಮಾಡುವ ಕೆಲಸವನ್ನೇ ಅವನೂ ಮಾಡಿದ: ತಾಯಿಗೆ ಹೊಟ್ಟೆಯ ಹುಣ್ಣು ಎಂದಷ್ಟೇ ಹೇಳಬೇಕೆಂದು ನರ್ಸಿನ ಮುಂದೆ ಅಂಗಲಾಚಿದ. ಕೈನಾತ ಒಪ್ಪಿದಳು.

ದಿನಾ ಸಂಜೆ ತನ್ನ ಕಿಟಕಿ-ಗ್ರಿಲ್ ಅಂಗಡಿ ಮುಚ್ಚಿ ಮುಂಡರಗಿ ಬಸ್ಸಿನಲ್ಲಿ ಬರುತ್ತಿದ್ದ. ವೆಲ್ಡಿಂಗ್ ಕಿಡಿ ಸಿಡಿದ ಅವನ ಬೆರಳಿಗೆ ಒಮ್ಮೆ ಅವಳು ಮುಲಾಮು ಹಚ್ಚಿದಳು. ಗಾಯ ನಾಲ್ಕು ದಿನಕ್ಕೆ ಮಾಯಿತು, ಅವನು ಮಾತ್ರ ತಿಂಗಳಿಡೀ ಬೆರಳು ತೋರಿಸಲು ಬರುತ್ತಿದ್ದ! ಶಮಶಾದಬಿ ಎಲ್ಲವನ್ನೂ ನೋಡುತ್ತಿದ್ದರು. ಗುಣವಾದ ಮೇಲೆ ಬೆಟಗೇರಿಗೆ, ಈ ಹುಡುಗಿಯ ಮನೆಗೆ ಹೋಗಿ ಹೆಣ್ಣು ಕೇಳುತ್ತೇನೆ ಎಂದು ಮಗನ ಮುಂದೆಯೇ ನಕ್ಕಿದ್ದರು.

ಗುಣವಾಗಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ತಂಗಿ ಜಾಸ್ಮಿನ ಅಳುತ್ತ ಬಾಯಿಬಿಟ್ಟಳು. ತಾಯಿಗೆ ಎಲ್ಲ ಗೊತ್ತಿತ್ತಂತೆ. ಬೆಂಡೋಲೆ ಬಿಚ್ಚಿಕೊಟ್ಟು, ನಾನು ಹೋದ ಮೇಲೆ ಅಣ್ಣನ ಊಟ ನೋಡಿಕೋ ಎಂದಿದ್ದರಂತೆ.

ಹೇಳಿದವರು ಯಾರು? ಹಗಲೆಲ್ಲ ಹತ್ತಿರ ಇದ್ದವಳು ಕೈನಾತ ಒಬ್ಬಳೇ. ಖಲೀಲ ಅದೇ ಸಿಟ್ಟಿನಲ್ಲಿ ಬಂದು, ನನ್ನ ತಾಯಿಯ ಧೈರ್ಯ ಕೊಂದವಳು ನೀನು ಎಂದು ವಾರ್ಡಿನ ನಡುವೆ ನಿಂತು ಅಂದುಬಿಟ್ಟ. ಕೈನಾತ ತುಟಿ ಬಿಚ್ಚಲಿಲ್ಲ. ಅವಳು ಶಮಶಾದಬಿಗೆ ಮಾತು ಕೊಟ್ಟಿದ್ದಳು. ಅವತ್ತಿನಿಂದ ಅವನ ಫೋನು ಬರಲಿಲ್ಲ.

ಚೀಟಿ ಓದುವ ಕೆಲಸ ಅಂತೂರ ಬೆಂತೂರಿನ ಹೊಳೆಯಪ್ಪನಿಗೆ ಬಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬಂದು ಬಂದು ಆಸ್ಪತ್ರೆಯನ್ನೇ ಅರ್ಧ ಮನೆ ಮಾಡಿಕೊಂಡಿದ್ದ ಹಿರಿಯ. ಮೊದಲ ಚೀಟಿ ಬಿಚ್ಚಿ, ಇದು ನನ್ನದೇ ಎಂದು ಸಾರಿಬಿಟ್ಟ: ನಮ್ಮೂರ ಬಸ್ಸು ಬರುವ ಮೊದಲೇ ನಮ್ಮ ಪಾಳಿ ಹಚ್ಚುವುದು ಯಾಕೆ? ಎಲ್ಲರೂ ನಕ್ಕರು.

ನಾಲ್ಕನೆಯ ಚೀಟಿಗೆ ಆ ನಗು ನಿಂತಿತು.

'ರೋಗಿಗೆ ಹೇಳಬೇಡಿ ಎಂದದ್ದನ್ನು ಆಸ್ಪತ್ರೆಯವರೇ ಹೇಳಿಬಿಟ್ಟರೆ, ಮನೆಯವರು ಯಾರನ್ನು ಕೇಳಬೇಕು?'

ಇದು ಅವನದೇ, ಕೈನಾತಳಿಗೆ ಕೂಡಲೇ ತಿಳಿಯಿತು. ಎಂಟು ತಿಂಗಳಾದರೂ ಅವನ ಸಿಟ್ಟು ಆರಿಲ್ಲ...

ಇನ್ನೂ ಹತ್ತಾರು ಚೀಟಿ ಕಳೆದ ಮೇಲೆ ಹೊಳೆಯಪ್ಪ ಒಂದನ್ನು ಎರಡು ಸಲ ಓದಿದ.

'ತಾಯಿಗೆ ಹೇಳಬೇಡ ಅನ್ನುತ್ತಾನೆ ಮಗ. ನನಗೆ ಗೊತ್ತಿದೆ ಎಂದು ಮಗನಿಗೆ ಹೇಳಬೇಡ ಅನ್ನುತ್ತಾಳೆ ತಾಯಿ. ನಡುವೆ ನಿಂತ ನರ್ಸು ಏನು ಮಾಡಬೇಕು?'

ಇದು ಮನೆತನದ ಸಂಗತಿ, ಸಂಶೋಧನೆಗೆ ಬರುವುದಿಲ್ಲ, ಬದಿಗಿಡಿ ಎಂದರು ಯಾರೋ ಒಬ್ಬ ಡಾಕ್ಟರು. ಹೊಳೆಯಪ್ಪ ಕೇಳಲಿಲ್ಲ. ನಾಲ್ಕನೆಯ ಚೀಟಿಯನ್ನು ಹುಡುಕಿ ತೆಗೆದು ಇದರ ಪಕ್ಕಕ್ಕೆ ಇಟ್ಟ.

"ಇವೆರಡೂ ಒಂದ ಮನಿ ಚೀಟಿ ಅದಾವ್ರಿ. ಎರಡೂ ಕಡಿ ಅತ್ತಾರ. ಕೂಡಿಸೇ ಇಡ್ರಿ."

ಖಲೀಲ ತಿರುಗಿ ಕೈನಾತಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅಷ್ಟರಲ್ಲೇ ಅದು ಅವಳ ಚೀಟಿ ಎಂದು ಅವನಿಗೆ ತಿಳಿದುಹೋಯಿತು.

ಚಹಾ ಕುಡಿಯಲು ಬಿಟ್ಟಾಗ ಅವನು ಹಿಂದಿನ ಮೆಟ್ಟಿಲ ಹತ್ತಿರ ನಿಂತಿದ್ದ. ಅವಳೇ ಹತ್ತಿರ ಹೋದಳು.

"ಅಮ್ಮಿಗೆ ನೀ ಹೇಳಿಲ್ಲೇನು?"

"ಇಲ್ರಿ."

"ಮತ್ತ ಆಕಿಗೆ ಹೆಂಗ ಗೊತ್ತಾತು?"

ಈ ಪ್ರಶ್ನೆಗೇ ಅವಳು ಎಂಟು ತಿಂಗಳು ಹೆದರಿದ್ದಳು. ಹೇಳಿದರೆ ತನ್ನ ಮೇಲಿನ ಕಳಂಕ ಹೋಗುತ್ತದೆ, ಆದರೆ ಇವನು ಒಡೆದುಹೋಗುತ್ತಾನೆ. ಹೇಳದಿದ್ದರೆ ಜೀವನವಿಡೀ ಹೀಗೇ... ಮುಚ್ಚಿಟ್ಟು ಯಾರಿಗೆ ಒಳ್ಳೆಯದಾಯಿತು?

"ನಿಮ್ಮಿಂದನ ಗೊತ್ತಾತ್ರಿ," ಎಂದಳು. "ಸಕ್ಕರಿ ಕಾಯಿಲೆ ಅಂತ ಹತ್ತು ವರ್ಷ ಅವರ ಚಹಾಕ್ಕ ಒಂದ ಚಮಚ ಸಕ್ಕರಿ ಹಾಕಾಕ ಬಿಟ್ಟಿರಲಿಲ್ಲ ನೀವು. ಒಂದಿನ ನೀವ ಜಿಲೇಬಿ ತಂದು, ತಿನ್ನು ಅಮ್ಮಿ, ಏನೂ ಆಗಂಗಿಲ್ಲ ಅಂದ್ರಿ. ನೀವು ಹೊರಗ ಹೋದ ಮ್ಯಾಲ ನನ್ನ ಕೈ ಹಿಡಕೊಂಡ್ರು. ಇನ್ನ ನಾ ಭಾಳ ದಿನಾ ಇಲ್ಲ ಬೇಟಿ, ಅಂದ್ರು."

ಖಲೀಲ ಮೆಟ್ಟಿಲ ಮೇಲೆ ಕೂತ.

"ನನಗ ಗೊತ್ತೈತಿ ಅಂತ ತಿಳಿದ್ರ ಅಂವ ನನ್ನ ಮುಂದ ನಗೂದು ಬಿಡ್ತಾನ, ಹೇಳಬ್ಯಾಡ ಅಂದ್ರು. ನಾ ಹೋದ ಮ್ಯಾಲೂ ಹೇಳಬ್ಯಾಡ, ಜಿಲೇಬಿ ತಂದದ್ದಕ್ಕ ತನ್ನನ್ನ ತಾನ ಬೈಕೊಂತಾನ ಅಂದ್ರು."

ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಗಂಡಸು ಹಾಗೆ ಅಳುವುದನ್ನು ಅವಳು ವಾರ್ಡಿನಲ್ಲಿ ಬಹಳ ಸಲ ಕಂಡಿದ್ದಳು. ನೀರು ಕೊಟ್ಟು, ಬೆನ್ನು ಸವರಿ ಕಳಿಸುತ್ತಿದ್ದಳು. ಇವನನ್ನು ಮುಟ್ಟಲು ಕೈ ಬರಲಿಲ್ಲ. ಕಣ್ಣೊರೆಸಿಕೊಂಡು ಅವನೇ ಕೇಳಿದ.

"ಜಿಲೇಬಿ ತಿಂದಳೇನು?"

"ಎಲ್ಲಾ ತಿಂದ್ರು. ಭಾಳ ಚಲೋ ಅದಾವ ಅಂದ್ರು."

ಒಳಗಿನಿಂದ ಕರೆ ಬಂತು. ಪ್ರತಿಯೊಬ್ಬರಿಗೂ ಕೊಟ್ಟಿದ್ದ ಮೂರು ಕೆಂಪು ಚುಕ್ಕೆಗಳನ್ನು ತಮಗೆ ಬೇಕಾದ ಪ್ರಶ್ನೆಗೆ ಅಂಟಿಸಬೇಕಿತ್ತು. ಖಲೀಲ ಮೂರನ್ನೂ ಒಂದೇ ಕಡೆ ಅಂಟಿಸಿದ. ಹೊಳೆಯಪ್ಪನ ಬಸ್ಸು ಮೊದಲನೆಯದಾಯಿತು. ಜೋಡಿ ಚೀಟಿ ಐದನೆಯದಾಗಿ, ಒಂದೇ ಒಂದು ಚುಕ್ಕೆಯ ಅಂತರದಲ್ಲಿ ಉಳಿದುಕೊಂಡಿತು. ಇನ್ನು ಮುಂದೆ ಈ ಎರಡು ಮಾತಿನ ನಡುವೆ ಸಿಕ್ಕಿಬಿದ್ದವರನ್ನು ಆಸ್ಪತ್ರೆ ಕೂರಿಸಿ ಕೇಳುತ್ತದೆ ಎಂದರು ಮಮತಾ. ಕೈನಾತಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಶಮಶಾದಬಿಗೆ ಕೊಟ್ಟ ಮಾತು ಮುರಿದಿದ್ದಳು.

ಜನ ಚದುರಿದ ಮೇಲೆ ಅವನು ಅವಳ ಮೇಜಿನ ಮುಂದೆ ಬಂದು ನಿಂತ.

"ಹೆಂಗ ಅದೀರಿ?" ಎಂದು ಕೇಳಿದಳು, ಬೇರೇನು ಕೇಳಬೇಕೆಂದು ತಿಳಿಯದೆ.

"ಆರಾಮ..." ಎಂದವನು ಅಲ್ಲಿಗೇ ನಿಲ್ಲಿಸಿದ. "ಆರಾಮ ಇಲ್ಲ, ಕೈನಾತ. ಅಮ್ಮಿ ಹೋದ್ಲು. ಒಂದ ಮಾತು ಕೇಳಲಾರದ ನಿನ್ನನ್ನೂ ಕಳಕೊಂಡೆ. ಒಂದ ದಿನಾನೂ ಆರಾಮ ಇಲ್ಲ."

"ನಾನೂ ಇಲ್ರಿ," ಎಂದಳು. ತಡೆದಿದ್ದ ಕಣ್ಣೀರು ರಿಜಿಸ್ಟರಿನ ಮೇಲೆ ಬಿತ್ತು.

"ನಿನ್ನ ಮ್ಯಾಲ ಜೀವ ಐತಿ. ಮದುವಿ ಆಗ್ತೀಯೇನು ಅಂತ ಕೇಳೂ ಮುಖ ಮಾತ್ರ ಇವತ್ತ ನನಗಿಲ್ಲ."

"ಯಾವಾಗ ಕೇಳಾಕ ಆಗ್ತೈತಿ, ಆವಾಗ ಕೇಳ್ರಿ. ನಾ ಎಲ್ಲಿಗೂ ಹೋಗಂಗಿಲ್ಲ."

"ಖರೆ?"

"ಖರೇನ. ನಿಮಗ ಇನ್ನೇನೂ ಮುಚ್ಚಿಡಂಗಿಲ್ಲ."