ಕಲ್ಲವ್ವನ ಒಪ್ಪಿಗೆ ಪತ್ರ

“ಆ ಬಟ್ಟು ಮುಟ್ಟಬ್ಯಾಡೋ ಯಪ್ಪಾ,” ಎಂದಳು ನಿಂಬೆವ್ವ. “ಜಳಕಾ ಆಗೂತನಾ ಅಕಿನ್ನ ಮುಟ್ಟಬ್ಯಾಡ.”

ಓಣಿಯಲ್ಲಿ ಯಾರು ಸತ್ತರೂ ಕೊನೆಯ ಜಳಕ ಮಾಡಿಸುವವಳು ನಿಂಬೆವ್ವನೇ. ಅವಳ ಕೈಯ ತಂಬಿಗೆಯಿಂದ ಆವಿ ಏಳುತ್ತಿತ್ತು. ಎದುರಿಗೆ ಗೋಡೆಗೆ ಆನಿಸಿ ಕೂರಿಸಿದ್ದ ಕಲ್ಲವ್ವ. ಹೂಳುವ ಕುಣಿಯಲ್ಲಿ ಕೂತೇ ಇರಬೇಕಾದ ದೇಹ ಕೂತಲ್ಲೇ ಸೆಟೆಯಲೆಂದು ಎದೆಗೆ ಬಟ್ಟೆ ಕಟ್ಟಿದ್ದರು. ತಲೆ ಒಂದು ಕಡೆ ವಾಲಿತ್ತು.

ಮಗ ಚನ್ನವೀರ ಹುಬ್ಬಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದ. ಬರುವಾಗ ಹೂವಿನ ಹಾರ ತಂದಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಟೈಪು ಮಾಡಿಸಿದ ಹಾಳೆ, ನೇರಳೆ ಶಾಯಿಯ ಪ್ಯಾಡು ತಂದಿದ್ದ.

“ಸತ್ತವ್ರ ಗುರ್ತು ತಗೊಳ್ಳೂದು ಮಾಟಗಾರ್ರ ಕೆಲಸ,” ನಿಂಬೆವ್ವನ ದನಿ ಇಳಿಯಿತು. “ಏನ ಬರದು ಒತ್ತಿಸ್ತೀಯೋ ಅದಕ್ಕ ಅಕಿ ಕಟ್ಟುಬೀಳ್ತಾಳ. ಮಣ್ಣಾಗ ಇಟ್ರೂ ಬಿಡುಗಡಿ ಇಲ್ಲ.”

ಚನ್ನವೀರ ನಕ್ಕ. “ಇದು ಮಾಟ ಅಲ್ಲಬೇ, ಅಫಿಡವಿಟ್ಟು. ಮಾಟಕ್ಕ ಲಿಂಬಿಹಣ್ಣು, ಕೋಳಿ ಎಲ್ಲಾ ಬೇಕು. ಇದಕ್ಕ ಒಂದು ಸ್ಟಾಂಪು ಸಾಕು.”

“ಏನ ಬರದೈತಿ, ಓದಿಯರ ನೋಡೀಯೇನು?”

“ಟೈಪ್ ಮಾಡಿದಾಂವ ಓದ್ಯಾನ.”

ಅಪ್ಪ ಕಾಲುವೆಗೆ ನೀರು ಬಿಡುವ ಸೌಡಿಯಾಗಿದ್ದ. ನೌಕರಿಯಲ್ಲಿರುವಾಗಲೇ, ಹಿಂದಿನ ಸಂಕ್ರಾಂತಿಗೆ, ಕಾಲುವೆ ದಂಡೆಯ ಮೇಲೆ ಎದೆ ಹಿಡಿದುಕೊಂಡು ಬಿದ್ದ. ಅನುಕಂಪದ ನೌಕರಿ ಮನೆಯಲ್ಲಿ ಒಬ್ಬರಿಗೆ ಮಾತ್ರ. ಯಾರಿಗೆಂದು ಹೇಳಬೇಕಾದವಳು ಹೆಂಡತಿ, ಅದೂ ವರ್ಷದೊಳಗೆ. ಎಂಟು ತಿಂಗಳಿಂದ ಕಲ್ಲವ್ವನದು ಒಂದೇ ಮಾತು: “ನನ್ನ ಹೆಬ್ಬಟ್ಟು ಗಂಗಿಗೆ.” ಗಂಗವ್ವ ಅವಳ ಹಿರಿಮಗಳು. ಗಂಡ ಸತ್ತು ತವರಿಗೆ ಬಂದವಳು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವವಳು. ಅವ್ವನ ಜ್ವರ ಇಳಿಯಲಿ, ಆಮೇಲೆ ಕಚೇರಿಗೆ ಹೋದರಾಯಿತು ಎಂದು ಕಾದಳು. ಜ್ವರ ಇಳಿಯಲಿಲ್ಲ. ಇತ್ತ ಚನ್ನವೀರ ದುಡಿಯುತ್ತಿದ್ದ ಮಿಕ್ಸರ್ ಅಂಗಡಿಯೂ ಬಾಗಿಲು ಹಾಕುವುದರಲ್ಲಿತ್ತು.

ಅವ್ವನ ಬಲಗೈ ಹಿಡಿದ. ಬಾವಿಯೊಳಗಿನ ಕಲ್ಲಿನ ತಂಪು. ಹೆಬ್ಬೆರಳು ಮಡಚಿಕೊಂಡಿತ್ತು. ಬಿಡಿಸಿದ. ಗೆಣ್ಣು ‘ಚಟ್’ ಎಂದಿತು. ಪ್ಯಾಡಿಗೆ ಒತ್ತಿದ, ಹಾಳೆಗೆ ಒತ್ತಿದ. ಎತ್ತಲು ಹೋದಾಗ ಬೆರಳು ಒಂದು ಗಳಿಗೆ ಹಾಳೆಗೆ ಅಂಟಿಕೊಂಡೇ ಇತ್ತು.

“ಅಕ್ಕಗ ಹೇಳೀದಿ ಅಂದ್ರ ನೋಡು,” ಎಂದ. ಗಂಗವ್ವ ಹೊರಗೆ ಅಂಗಳದಲ್ಲಿದ್ದಳು.

ನಿಂಬೆವ್ವ ತಂಬಿಗೆ ಕೆಳಗಿಟ್ಟಳು. ಬೂದಿ ಹಚ್ಚಿ ಆ ಬೆರಳನ್ನು ತಿಕ್ಕಿದಳು. ತಿಕ್ಕೇ ತಿಕ್ಕಿದಳು. ಶಾಯಿ ಹೋಗಲಿಲ್ಲ. ಹೊರಗೆ ಭಜನೆಯವರ ತಾಳ ಕೇಳಿದ ಮೇಲೆ ಅದರ ಮೇಲೊಂದಿಷ್ಟು ವಿಭೂತಿ ಬಳಿದು ಮುಚ್ಚಿದಳು. ಕಲ್ಲವ್ವ ಶಾಯಿಯ ಸಮೇತ ಕುಣಿಯಲ್ಲಿ ಕೂತಳು.

ಮರುವರ್ಷದ ಸಂಕ್ರಾಂತಿ ದಾಟಿದ ಮೇಲೆ ನೌಕರಿಯ ಆದೇಶ ಬಂತು. ಚನ್ನವೀರ ಹೆಂಡತಿ ಸುಜಾತಾ, ಐದು ವರ್ಷದ ಮಗಳು ಸೃಷ್ಟಿಯನ್ನು ಕರೆದುಕೊಂಡು ಊರಿನ ಮನೆಗೇ ಬಂದ. ಗಂಗವ್ವ ಹಿತ್ತಲ ತಗಡಿನ ಕೋಣೆಗೆ ತನ್ನ ಟ್ರಂಕು ಸಾಗಿಸಿದಳು.

“ಅವ್ವ ತಾನ ಒತ್ತಿದ್ಲೇನೋ ತಮ್ಮಾ?” ಒಂದೇ ಒಂದು ಸಲ ಕೇಳಿದಳು.

“ಹೋಗೂ ಮುಂದ ಅಕಿ ಮನಸ್ಸು ತಿರಗಿತು ಅಕ್ಕಾ.”

ಗಂಗವ್ವ ತಲೆಯಾಡಿಸಿದಳು. ನಂಬಿದಳು.

ಕೆಲಸಕ್ಕೆ ಸೇರಿದ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಪಡಸಾಲೆಯಲ್ಲಿ ಹಸಿ ಎರೆಮಣ್ಣಿನ ವಾಸನೆ. ಅದರೊಳಗೆ ಬಾಡಿದ ಬಿಲ್ವಪತ್ರೆಯ ವಾಸನೆ. ಅವ್ವ ಕೂರುತ್ತಿದ್ದ ಬೀಸುಕಲ್ಲಿನ ಮೂಲೆಯಲ್ಲಿ ನೆಲ ತೊಯ್ದಿತ್ತು.

“ಅಪ್ಪಾ, ಆಯಿ ರೊಟ್ಟಿ ಬೇಡಾಕತ್ಯಾಳ,” ಎಂದಳು ಸೃಷ್ಟಿ.

“ಯಾವ ಆಯಿ?” ಆ ಮನೆಯಲ್ಲಿ ಈಗ ಅಜ್ಜಿ ಇರಲಿಲ್ಲ.

“ಅಲ್ಲಿ ಕುಂತಾಳಲ್ಲ.”

ಮೂಲೆ ಬರಿದಾಗಿತ್ತು. ಆದರೆ ರೊಟ್ಟಿ ಮುಚ್ಚಿದ ಬಿಳಿ ಅರಿವೆಯ ಮೇಲೆ ಒಂದು ನೇರಳೆ ಹೆಬ್ಬೆಟ್ಟು.

ಬೆಳಿಗ್ಗೆ ಕಚೇರಿಯಲ್ಲಿ ಪ್ಯಾಡು ಮುಟ್ಟಿದ ತನ್ನ ಕೈಯದೇ ಇರಬೇಕೆಂದುಕೊಂಡ. ಮರುದಿನ ಮೊಸರಿನ ಗಡಿಗೆಯ ಮೇಲೆ ಒಂದು ಗುರುತು. ಬಾಗಿಲ ಚೌಕಟ್ಟಿನಲ್ಲಿ ಮೂರು. ಗೋಡೆಯುದ್ದಕ್ಕೂ ಸಾಲು. ಸುಜಾತಾ ಸುಣ್ಣ ಬಳಿದಳು, ಸುಣ್ಣದ ಮೇಲೂ ಮೂಡಿದವು. ಒಂದು ಮಾತ್ರ ಅವನಿಗೆ ತಡವಾಗಿ ಹೊಳೆಯಿತು. ಯಾವ ಗುರುತೂ ಸೊಂಟದಿಂದ ಮೇಲಕ್ಕಿರಲಿಲ್ಲ. ಕೂತವರ ಕೈಗೆ ಎಟುಕುವಷ್ಟೇ ಎತ್ತರ. ಗುರುತುಗಳ ಕೆಳಗೆ ನೆಲದಲ್ಲಿ, ತೊಯ್ದ ಗೋಣಿಚೀಲ ಎಳೆದಂಥ ಜಾಡು.

ಅಂದು ಅವನು ಅಫಿಡವಿಟ್ಟಿನ ಜೆರಾಕ್ಸು ತೆಗೆದು ಓದಿದ. ಮೊದಲ ಸಲ.

‘ನಾನು ಸದರಿ ನನ್ನ ಮಗನ ಆಶ್ರಯದಲ್ಲೇ ಇರುತ್ತೇನೆ. ನನ್ನ ಅನ್ನ, ಅರಿವೆ ಹಾಗೂ ಯೋಗಕ್ಷೇಮದ ಹೊಣೆ ಅವನದೇ. ಬೇರೆ ಯಾರನ್ನೂ ಅವಲಂಬಿಸುವುದಿಲ್ಲ.’ ಅದರ ಕೆಳಗೆ ಅವ್ವ ಸಾಯುವ ಹಿಂದಿನ ವಾರದ ತಾರೀಖು, ಹೆಬ್ಬೆಟ್ಟಿನ ಗುರುತು.

ಓಡುತ್ತ ನಿಂಬೆವ್ವನ ಮನೆಗೆ ಹೋದ. ಅವಳು ಅವನ ಮುಖ ನೋಡಿಯೇ ಒಳಗೆ ಸರಿದಳು.

“ನೀನ ಕರದಿ. ನೀನ ಇಟಗೊಂಡಿ. ನಾ ಏನ ಮಾಡ್ಲಿ?”

“ಎಷ್ಟು ದಿನಾ ಬೇ?”

“ಆ ಕಾಗದ ಜೀವಂತ ಇರೂಮಟಾ. ಅದನ್ನ ಕೊಲ್ಲು. ಖರೇ ಹೇಳಿ ಕೊಲ್ಲು.”

ಕೊಲ್ಲುವುದೆಂದರೆ ನೌಕರಿ ಬಿಡುವುದು. ಚನ್ನವೀರ ಮನೆಗೆ ಬಂದು ಬೇರೆ ಲೆಕ್ಕ ಹಾಕಿದ. ಕೇಳಿದ್ದು ಅನ್ನ ತಾನೇ? ಮೂಲೆಗೆ ದಿನಕ್ಕೆರಡು ಸಲ ತಾಟು ಇಡತೊಡಗಿದ. ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ. ಹಳೆಯ ಇಳಕಲ್ ಸೀರೆ ಮಡಿಸಿಟ್ಟ. ತಾಟು ಬರಿದಾಗುತ್ತಿತ್ತು. ಸೀರೆ ತೊಯ್ದು ಕಪ್ಪಾಗುತ್ತಿತ್ತು. ಎರಡು ವಾರ ಗುರುತು ಮೂಡಲಿಲ್ಲ.

“ಸರ್ಕಾರಿ ನೌಕರನ ಅವ್ವ. ಪಿಂಚಣಿ ಕೊಟ್ಟಂಗಾತು ಬಿಡು,” ಎಂದು ಸುಜಾತಾಳಿಗೆ ನಗೆಯಾಡಿದ. ಅವಳು ಮೂಲೆಯನ್ನೇ ನೋಡುತ್ತಿದ್ದಳು. ಸೃಷ್ಟಿ ಅಲ್ಲಿ ಬೀಸುಕಲ್ಲಿಗೆ ಒರಗಿ ಯಾರ ತೊಡೆಯ ಮೇಲೋ ತಲೆಯಿಟ್ಟವಳಂತೆ ವಾಲಿದ್ದಳು. ಕೆಳಗೆ ತೊಡೆ ಇರಲಿಲ್ಲ. ತಲೆ ನೆಲಕ್ಕೆ ತಾಗಿಯೂ ಇರಲಿಲ್ಲ.

ಅನ್ನವಾಗಿತ್ತು, ಅರಿವೆಯಾಗಿತ್ತು. ಉಳಿದದ್ದು ಯೋಗಕ್ಷೇಮ.

ಹೋಳಿಹುಣ್ಣಿಮೆಯ ಮರುದಿನ ಬೆಳಿಗ್ಗೆ, ಅವನು ಕಚೇರಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ, ಬೆನ್ನ ಹಿಂದೆ ಸದ್ದು. ಸರ್‍... ಸರ್‍...

ತಿರುಗಿದ.

ಸೃಷ್ಟಿ ಬರುತ್ತಿದ್ದಳು. ಕೂತೇ ಬರುತ್ತಿದ್ದಳು. ಕಾಲು ಮಡಚಿ, ಅಂಗೈ ಊರಿ, ದೇಹ ಎಳೆದುಕೊಂಡು. ತಲೆ ಒಂದು ಕಡೆ ವಾಲಿತ್ತು.

“ಏಳವ್ವಾ ಕೂಸ,” ಎಂದು ಎತ್ತಿ ನಿಲ್ಲಿಸಿದ. ಕಾಲು ಒದ್ದೆ ಹಗ್ಗದಂತೆ ಮಡಚಿಕೊಂಡಿತು.

“ಆಯಿ ಒಬ್ಬಾಕೇ ಅದಾಳಂತ,” ಎಂದಳು ಮಗು. “ಅಲ್ಲಿ ಕತ್ತಲೈತಂತ. ಜತಿಗೆ ಬಾ ಅಂತಾಳ.”

ಅವಳ ಮೊಣಕಾಲಿನ ಮೇಲೆ ಒಂದು ನೇರಳೆ ಗುರುತು. ನೋಡುತ್ತಿದ್ದಂತೆಯೇ ಪಕ್ಕದಲ್ಲಿ ಇನ್ನೊಂದು ಮೂಡಿತು.

ಸುಜಾತಾ ಕಿರುಚಿದ್ದು ಅವನ ಬೆನ್ನಿಗೆ ಕೇಳಿಸಿತು. ಅವನು ಓಡುತ್ತಿದ್ದ.

ಕಚೇರಿಯಲ್ಲಿ ಕರೆಂಟಿರಲಿಲ್ಲ. ಸಾಹೇಬರು ಕಿಟಕಿಯ ಬಳಿ ಕೂತು ಫೈಲು ನೋಡುತ್ತಿದ್ದರು. ಅವನ ಮಾತನ್ನು ಪೂರ್ತಿ ಕೇಳಿ ಕನ್ನಡಕ ತೆಗೆದರು.

“ಸತ್ತವಳ ಕೈ ಹಿಡದು ಒತ್ತಿಸಿದೆ ಅಂತ ಬರಕೊಡ್ತೀಯಾ? ತಲಿ ಸರಿ ಐತಿಲ್ಲೋ? ನೌಕರಿ ಹೋಗೂದು ಅಷ್ಟ ಅಲ್ಲ, ಕೇಸ್ ಆಗ್ತೈತಿ.”

“ಆಗ್ಲಿ ಸರ. ರದ್ದು ಅಂತ ಬರೀರಿ. ಈಗ ಬರೀರಿ.”

“ಮೂಲ ಪತ್ರ ದಫ್ತರದ ಕೋಣ್ಯಾಗೈತಿ. ತಗೊಂಡ ಬಾ, ನೋಡೂಣು.”

ದಫ್ತರದ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ದೂಡಿದ. ಇಲಿಯ ಹಿಕ್ಕೆ, ಹಳೆ ಕಾಗದ. ಅವುಗಳ ಕೆಳಗೆ ಎರೆಮಣ್ಣಿನ ವಾಸನೆ. ಮೊಬೈಲಿನ ಬೆಳಕು ಹಾಕಿದ. ಕಪಾಟಿನ ಸಾಲು. ಅದರಾಚೆ ಕತ್ತಲು.

ಸರ್‍...

ಬೆಳಕು ತಿರುಗಿಸಿದ. ಏನೂ ಇಲ್ಲ. ಕೆಂಪು ದಾರದ ಕಟ್ಟುಗಳು. ತನ್ನ ಹೆಸರಿನ ಫೈಲು ಎಲ್ಲಿ? ಮೇಲಿನ ಸಾಲಲ್ಲಿಲ್ಲ. ನಡುವಿನ ಸಾಲಲ್ಲಿಲ್ಲ. ಕೆಳಗೆ. ಎಲ್ಲಕ್ಕಿಂತ ಕೆಳಗೆ. ಬಗ್ಗಬೇಕು.

ಸರ್‍... ಸರ್‍...

ಬಗ್ಗಿದ. ವಿಭೂತಿಯ ವಾಸನೆ ಮುಖಕ್ಕೆ ಬಡಿಯಿತು. ಮೊಬೈಲು ಆರಿತು. ಕಿವಿಯ ಪಕ್ಕದಲ್ಲೇ ಯಾರೋ ಕೂತಿದ್ದರು. ಉಸಿರಿರಲಿಲ್ಲ. ಕೈ ಚಾಚಿದ. ದಾರ ಸಿಕ್ಕಿತು. ಎಳೆದ. ಬರಲಿಲ್ಲ. ಆ ಬದಿಯಿಂದಲೂ ಹಿಡಿದಿದ್ದರು. ತಣ್ಣನೆಯ ಬೆರಳು ಅವನ ಬೆರಳಿಗೆ ತಾಗಿತು.

“ಯವ್ವಾ, ತಪ್ಪಾತು,” ಎಂದ. “ಸುಳ್ಳು ಬರದೆ. ನೀ ಒಪ್ಪಿರಲಿಲ್ಲ. ನೀ ಗಂಗಕ್ಕಗ ಅಂದಿದ್ದಿ. ಕೂಸಿನ್ನ ಬಿಡು. ಬಿಡಬೇ.”

ಫೈಲು ಕೈಗೆ ಬಂತು.

ಸಾಹೇಬರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದರು. ಕೈ ಒರೆಸಿಕೊಂಡರು. ಫೈಲು ಒದ್ದೆಯಾಗಿತ್ತು.

“ಸರ, ಈ ನೌಕರಿ ನಮ್ಮ ಅಕ್ಕಗರ...”

“ಅಕಿ ಅರ್ಜಿ ಹಾಕ್ಯಾಳೇನು?”

“ಇಲ್ಲ. ನಾನ ಹಾಕಗೊಡಲಿಲ್ಲ.”

“ನಿಮ್ಮಪ್ಪ ಹೋಗಿ ವರ್ಷ ದಾಟಿತಪಾ,” ಎಂದು ಸಾಹೇಬರು ಫೈಲು ಮುಚ್ಚಿದರು. “ಇನ್ನ ಯಾರಿಗೂ ಬರೂದಿಲ್ಲ. ಮನಿಗೆ ಹೋಗು. ಪೊಲೀಸರು ಕರದಾಗ ಬಾ.”

ಓಣಿಯ ತಿರುವಿನಲ್ಲೇ ಗೆಜ್ಜೆಯ ಸದ್ದು ಕೇಳಿತು. ಸೃಷ್ಟಿ ಅಂಗಳದಲ್ಲಿ ಓಡುತ್ತಿದ್ದಳು. ಒಂದು ಕಾಲು ತುಸು ಎಳೆಯುತ್ತಿತ್ತು, ಆದರೂ ಓಡುತ್ತಿದ್ದಳು. ಚನ್ನವೀರ ಅಲ್ಲೇ ಕಟ್ಟೆಗೆ ಕುಸಿದು ಅತ್ತ. ಅವ್ವ ಸತ್ತ ದಿನ ಅಳದ ಅಳು.

ಹಿತ್ತಲಲ್ಲಿ ಗಂಗವ್ವ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ. ಬೆರಳು ಬಿಡಿಸಿದ್ದು, ಗೆಣ್ಣು ಸದ್ದು ಮಾಡಿದ್ದು, ವರ್ಷ ದಾಟಿದ್ದು. ಅವಳ ಕೈ ನಿಂತಿತು. ಘಾಟಿಗೋ ಏನೋ, ಕಣ್ಣು ಕೆಂಪಾಗಿದ್ದವು. ಅವನು ಶಾಪಕ್ಕಾಗಿ ಕಾದ.

ಗಂಗವ್ವ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಒಂದು ಚೀಲ ಅವನ ಮುಂದೆ ಸುರಿದಳು.

“ಪೊಲೀಸರು ಬರೂತನಾ ಕೂಡು,” ಎಂದಳು. “ಸಂಜಿಮುಂದ ಎರಡು ಚೀಲ ಮುಗೀಬೇಕು. ಕಣ್ಣಿಗೆ ಕೈ ಹಚ್ಚಬ್ಯಾಡ.”