ಎರಡೂವರೆ ಅಡಿ ಫಿಲ್ಮ್

ಸಂಶೋಧಕನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ, ಬೆಳಗ್ಗೆ ಹತ್ತೂಕಾಲಿಗೆ, ಅವನ ಮೇಲೆ ಠಾಣೆಗೆ ದೂರು ಬಂತು.

ಕೊಟ್ಟವರು ಚಿತ್ರಸಂಗ್ರಹಾಲಯದ ಮೇಲ್ವಿಚಾರಕರು. ಮೂಕಿಚಿತ್ರಗಳ ಕಾಲದ ಸ್ಟುಡಿಯೋ ಒಂದರಿಂದ ಉಳಿದಿದ್ದು ಒಂದೇ ರೀಲು. ಅದರಲ್ಲಿ ಎರಡೂವರೆ ಅಡಿ ಕಾಣೆಯಾಗಿತ್ತು. ಆ ಸ್ಟುಡಿಯೋದ ಚರಿತ್ರೆ ಬರೆಯುತ್ತಿದ್ದ ಸಂಶೋಧಕ ಎರಡು ತಿಂಗಳ ಹಿಂದೆ ಅದನ್ನು ಕೊನೆಯದಾಗಿ ನೋಡಿದ್ದ.

"ಸತ್ತೋರ ಮೇಲೆ ಎಫ್‌ಐಆರ್ ಹಾಕಿದ್ರೆ ಹಿಡ್ಕೊಂಡು ಬರೋರ್ಯಾರು ಸಾರ್?" ಎಂದ ಕಾನ್‌ಸ್ಟೇಬಲ್.

"ಅಪರಿಚಿತರು ಅಂತ ಬರಿ," ಎಂದರು ಇನ್ಸ್‌ಪೆಕ್ಟರ್.

ಅವರು ಮನೆಗೆ ಹೋದಾಗ ಸಂಶೋಧಕನ ಹೆಂಡತಿ ಒಂದೇ ಒಂದು ಲೋಟ ತೊಳೆಯುತ್ತಿದ್ದಳು.

"ನಿಮ್ಮೆಜಮಾನ್ರು ಸಂಗ್ರಹಾಲಯದಿಂದ ಏನಾದ್ರೂ ತಂದಿದ್ರಾ?"

"ಅಲ್ಲಿಂದಲ್ಲ." ಹಿತ್ತಾಳೆ ಕಟ್ಟಿನ ಭೂತಗನ್ನಡಿ ತೋರಿಸಿದಳು. "ಸ್ಟುಡಿಯೋದಲ್ಲಿ ಫಿಲ್ಮ್ ಅಂಟಿಸ್ತಿದ್ದ ಅಜ್ಜಿ ಹತ್ರ ತಂದಿದ್ದು. ವಾಪಸ್ ಕೊಡ್ಬೇಕು ಅಂತಿದ್ರು." ಲೋಟ ಬೋರಲು ಹಾಕಿ ಕೇಳಿದಳು: "ಕಳ್ಳ ಅಂತಾದ್ರೆ ಅವರ ಪುಸ್ತಕ ಯಾರು ಅಚ್ಚು ಹಾಕ್ತಾರೆ ಸಾರ್?"

ಹನ್ನೆರಡೂ ನಲವತ್ತಕ್ಕೆ ಸಂಗ್ರಹಾಲಯದಲ್ಲಿ ಪಂಚನಾಮೆ ನಡೆಯಿತು. ಕತ್ತರಿಸಿದ ಎರಡು ತುದಿಗಳನ್ನೂ ಬ್ಲೇಡಿನಿಂದ ಹೆರೆದು, ಅಂಟು ಸವರಿ, ಕೂದಲೆಳೆಯಷ್ಟೂ ಓರೆಯಾಗದಂತೆ ಜೋಡಿಸಲಾಗಿತ್ತು.

"ನೀವು ಹೀಗೇ ಅಂಟಿಸ್ತೀರಾ?"

"ನಾವು ಟೇಪ್ ಹಾಕ್ತೀವಿ. ಇಂಥ ಕೈ ಈಗ ಯಾರಿಗಿದೆ ಸಾರ್?" ಎಂದರು ಮೇಲ್ವಿಚಾರಕರು.

ಸಂದರ್ಶಕರ ಪುಸ್ತಕದಲ್ಲಿ ಆ ದಿನ ಸಂಶೋಧಕನ ಕೆಳಗೆ ಇನ್ನೊಂದು ಸಹಿ ಇತ್ತು. ರೀಲಿನಲ್ಲಿದ್ದ ಮುಖಗಳ ಗುರುತು ಹೇಳಲು ಬಂದಿದ್ದ ಅದೇ ಅಜ್ಜಿಯದು.

ನಾಲ್ಕು ಗಂಟೆಗೆ ಅಜ್ಜಿ ಬಾಗಿಲು ತೆರೆದು, ಕೇಳುವ ಮೊದಲೇ ಹೇಳಿದಳು: "ನಾನೇ. ಆ ಪುಣ್ಯಾತ್ಮ ನಂಗೆ ಟೀ ತರೋಕೆ ಹೋಗಿದ್ದ."

"ಅಂಟಿಸದೆ ಬಂದಿದ್ರೆ ನೀವು ಸಿಗ್ತಿರ್ಲಿಲ್ಲ ಅಜ್ಜಿ."

"ಕತ್ತರಿಸಿದ್ದನ್ನ ಹಂಗೇ ಬಿಡೋಕೆ ಕೈ ಕೇಳ್ಲಿಲ್ಲಪ್ಪ."

ಗುಂಪಿನ ದೃಶ್ಯವೊಂದರಲ್ಲಿ ಅವಳ ಅಕ್ಕ ಕ್ಯಾಮೆರಾದ ಕಡೆ ತಿರುಗಿ ನಕ್ಕಿದ್ದಳು. ಮರುವಾರ ಸ್ಟುಡಿಯೋಗೆ ಬಿದ್ದ ಬೆಂಕಿಯಲ್ಲಿ ಸತ್ತಳು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಆ ಎರಡೂವರೆ ಅಡಿಯನ್ನು ಅಜ್ಜಿ ತಲೆದಿಂಬಿನ ಕೆಳಗೆ ಡಬ್ಬಿಯಲ್ಲಿಟ್ಟಿದ್ದಳು. ಮೊದಲೇ ಹಾಳಾಗತೊಡಗಿದ್ದ ಫಿಲ್ಮ್ ತಲೆಯಡಿಯ ಶಾಖಕ್ಕೆ ಕರಗಿ ಕಂದು ಮುದ್ದೆಯಾಗಿತ್ತು.

ಐದೂವರೆಗೆ ಬಂಧನ. ಸುದ್ದಿ ತಿಳಿದು ಸಂಶೋಧಕನ ಹೆಂಡತಿ ಠಾಣೆಗೆ ಬಂದಳು.

"ಕಳವಿನ ಮಾತು ಸತ್ತೋರ ಮೇಲೆ ಹೋದ್ರೆ ಹೋಗ್ಲಿ, ಅವರಿಗೇನು ನೋವಾಗುತ್ತೆ ಅಂತ ಸುಮ್ನಿದ್ದೆ ಮಗಳೇ," ಎಂದಳು ಅಜ್ಜಿ.

ಸಂಶೋಧಕನ ಹೆಂಡತಿ ಕೈಚೀಲ ತೆರೆದಳು. ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು. "ನಮ್ಮನೆಯವರು ತಂದಿದ್ದು."

ಅಜ್ಜಿ ಅದನ್ನು ಪೊಲೀಸರು ಡಬ್ಬಿಸಮೇತ ತಂದಿದ್ದ ಮುದ್ದೆಯ ಮೇಲೆ ಹಿಡಿದು ಬಹಳ ಹೊತ್ತು ನೋಡಿದಳು. "ನನ್ ಕಣ್ಣು ಮಂಜು. ನೀನು ನೋಡಮ್ಮ, ಕಾಣ್ತಾಳಾ?"

ಅವಳು ಭೂತಗನ್ನಡಿ ತೆಗೆದುಕೊಂಡು ಬಗ್ಗಿ ನೋಡಿದಳು.

"ಇಲ್ಲ ಅಜ್ಜಿ," ಎಂದು ಅದನ್ನು ಅಜ್ಜಿಯ ಕೈಗೇ ಮರಳಿಸಿದಳು.